ಇಳಿದವರ ಲೆಕ್ಕ

ಲಿಕೋನಿಯ ಕಡವಿನಲ್ಲಿ ಕಾಲ್ನಡೆಯವರಿಗೆ ಟಿಕೆಟ್ಟಿಲ್ಲ.
ಬೆಳಗಿನ ಆರಕ್ಕೇ ಮೊಂಬಾಸಾದ ಕಡೆ ಮುಖ ಮಾಡಿ
ಮೀನಿನ ಬುಟ್ಟಿ, ಶಾಲೆಯ ಚೀಲ, ಹೊಲಿಗೆ ಯಂತ್ರದ ತಲೆ
ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತವೆ.
ಹದಿನೇಳು ವರ್ಷ ಇಳಿಹಲಗೆಯ ಸರಪಳಿ ಕಾದವನು ಕಹಿಂದಿ.
ಈಗ ಅವನ ಮೊಳಕಾಲ ಕೆಳಗೆ ಹೆಬ್ಬೆರಳು ಒತ್ತಿದರೆ
ಬಿದ್ದ ಗುಳಿ ಗುಳಿಯಾಗಿಯೇ ಉಳಿಯುತ್ತದೆ,
ಕಡಲು ಹಿಂದೆ ಸರಿದ ಮೇಲೆ ಹಸಿ ಮರಳಲ್ಲಿ
ಯಾರದೋ ಹಿಮ್ಮಡಿ ಉಳಿದ ಹಾಗೆ.

ಉಚ್ಚೆಯಲ್ಲಿ ನೊರೆ.
"ಸೋಪು ಕದಡಿದಂತೆ" ಅಂದ, ನೆಲ ನೋಡುತ್ತ.
ಸೋಪಲ್ಲ ಮಾರಾಯ, ನಿನ್ನ ಆಲ್ಬುಮಿನ್ ಅದು,
ಮೊಟ್ಟೆಯ ಬಿಳಿಗೆ ದೂರದ ದಾಯಾದಿ.
ಮೂತ್ರಪಿಂಡದ ಜರಡಿ ಹರಿದಿದೆ,
ರಕ್ತದ ದೋಣಿಗಳು ದಿನವೂ ಬಚ್ಚಲಿಗೆ ಹೋಗುತ್ತಿವೆ.

ಪ್ರೆಡ್ನಿಸೊಲೋನ್. ದಿನಕ್ಕೆ ಅರವತ್ತು ಮಿಲಿಗ್ರಾಂ.
ಕಹಿ; ನಾಲಿಗೆ ಅರಿಯುವ ಮುಂಚೆ ನುಂಗು
ಎಂದು ಕಿಟಕಿಯ ಈಚೆಯಿಂದ ಹೇಳಿದವಳು ನಾನೇ.

ಮೂರನೆಯ ವಾರಕ್ಕೆ ಮುಖ ಹುಣ್ಣಿಮೆಯಾಗಿತ್ತು.
ನಿದ್ದೆ ಇಲ್ಲ. ಸಕ್ಕರೆ ಏರಿದೆ.
ಹೆಂಡತಿ ದಾಮಾ ಹೇಳಿದಳು:
ರಾತ್ರಿ ಎರಡಕ್ಕೆ ಅಂಗಳದಲ್ಲಿ ನಿಂತು
ಆಡುಗಳಿಗೆ ಕೂಗುತ್ತಾನಂತೆ,
"ಹಿಂದೆ ಸರೀರಿ, ಹಲಗೆ ಇಳೀತಾ ಇದೆ!"
ನಕ್ಕಳು. ಆಮೇಲೆ ನಗಲಿಲ್ಲ.

ನೈರೋಬಿಯಿಂದ ಬಂದ ಚೀಟಿಯಲ್ಲಿ
ರಕ್ತದೊಳಗಿನ ಔಷಧದ ಒಟ್ಟು ಮೊತ್ತ: ಕಡಿಮೆ.
ಡಾಕ್ಟರ್ ಅಕಿನ್ಯಿ, ಇನ್ನೂ ಇಪ್ಪತ್ತೊಂಬತ್ತು,
ಪೆನ್ಸಿಲಿನಿಂದ ಎಂಬತ್ತು ಎಂದು ಬರೆದು
"ಏರಿಸೋಣವೇ, ಜುಹುರಾ?" ಎಂದಳು.

ಡಾಕ್ಟರೇ, ಅದು ಒಟ್ಟು ತಲೆಗಳ ಎಣಿಕೆ.
ದೋಣಿಯಲ್ಲಿ ಕೂತವರು, ದಡಕ್ಕೆ ಇಳಿದವರು,
ಇಬ್ಬರನ್ನೂ ಒಂದೇ ಗಂಟಿಗೆ ಕಟ್ಟಿದ ಲೆಕ್ಕ.
ಕೂತಿರುವ ಮದ್ದು ಯಾವ ಕೆಲಸಕ್ಕೂ ಬಾರದು.
ಅದು ಇಳಿಯಬೇಕು, ಓಣಿ ಹೊಗಬೇಕು,
ಜೀವಕೋಶದ ಕದ ತಟ್ಟಬೇಕು.
ಟ್ರಾನ್ಸ್‌ಕಾರ್ಟಿನ್ ಎಂಬುದೊಂದು ಸಣ್ಣ ದೋಣಿ:
ಕೆಲವೇ ಆಸನ, ಕೂತವರ ತೋಳನ್ನು ಬಿಗಿಯಾಗಿ ಹಿಡಿಯುತ್ತದೆ,
ಮೊದಲು ತುಂಬುವುದೂ ಅದೇ.
ಮಿಕ್ಕವರಿಗೆಲ್ಲ ಆಲ್ಬುಮಿನ್ನಿನ ದೊಡ್ಡ ಫೆರ್ರಿ,
ಹತ್ತಿದಷ್ಟೇ ಸಲೀಸಾಗಿ ಹಾರಿ ಇಳಿಯಬಹುದು.
ಮೂರೂವರೆ ಇರಬೇಕಾದ ಆ ಫೆರ್ರಿ
ಇವನಲ್ಲಿ ಒಂದು ಪಾಯಿಂಟ್ ಒಂಬತ್ತು.
ದೋಣಿ ಖಾಲಿ, ಅದಕ್ಕೇ ತಲೆ ಕಡಿಮೆ.
ದಡದಲ್ಲಿ ಎಷ್ಟು ಜನ ನೂಕುತ್ತಿದ್ದಾರೋ
ಆ ಚೀಟಿಗೆ ಗೊತ್ತಿಲ್ಲ.

ಆಕೆ ಪೆನ್ಸಿಲ್ ಕಚ್ಚಿದಳು.
"ಇಳಿದವರು ಬೇಗ ಊರು ಬಿಟ್ಟೂ ಹೋಗುತ್ತಾರಲ್ಲ,
ಯಕೃತ್ತು ಯಾರನ್ನೂ ಸುಮ್ಮನೆ ಅಡ್ಡಾಡಲು ಬಿಡದು.
ಕೊನೆಗೆ ಎರಡೂ ಸರಿಹೋದರೆ?"

ಹೋಗಬಹುದು. ನನ್ನ ಬಳಿ ಉತ್ತರವಿರಲಿಲ್ಲ.
ಇದ್ದದ್ದು ಆಡುಗಳು, ಅಂಗಳ, ರಾತ್ರಿ ಎರಡು ಗಂಟೆ.
ಅಷ್ಟನ್ನೇ ಹೇಳಿದೆ.

ಎಂಬತ್ತನ್ನು ರಬ್ಬರಿನಿಂದ ತಿಕ್ಕಿದಳು.
ಅರವತ್ತನ್ನೂ ತುಸು ಹೊತ್ತು ನೋಡಿ, ಹಾಗೇ ಬಿಟ್ಟಳು.
ಬಿಡಿ ಮದ್ದನ್ನಷ್ಟೇ ಅಳೆದುಕೊಡಿ ಎಂದು ಕೇಳಿದ್ದಕ್ಕೆ
"ಆ ಯಂತ್ರ ನಮ್ಮಲ್ಲಿಲ್ಲ" ಎಂದು ಬಂತು, ಎರಡು ವಾರಕ್ಕೆ.

ಇದನ್ನೆಲ್ಲ ಕಹಿಂದಿಗೆ ಹೇಳಿದಾಗ
ಊದಿದ ಕೆನ್ನೆಯ ನಡುವೆ ಕಣ್ಣು ಸಣ್ಣದಾಗಿ ಹೊಳೆಯಿತು.
"ಹದಿನೇಳು ವರ್ಷ ಹತ್ತಿದವರನ್ನೇ ಎಣಿಸಿದ್ದು.
ಇಳಿದ ಮೇಲೆ ಅವರು ಎಲ್ಲಿ ಹೋದರು, ಏನು ಮಾಡಿದರು
ಅಂತ ಕಂಪನಿ ಒಂದು ದಿನವೂ ಕೇಳಲಿಲ್ಲ ನೋಡು."

ಸೋಮವಾರ ಬಂದ.
ಕಿಟಕಿಯ ಕಟ್ಟೆಗೆ ಕಾಲೆತ್ತಿ ಇಟ್ಟ.
ಸಾಲಿನವರು ಗೊಣಗಿದರು.
ಒತ್ತಿದೆ, ಬಿಟ್ಟೆ, ಎಣಿಸಿದೆ.
ಹೋದ ವಾರ ಹನ್ನೊಂದಕ್ಕೆ ತುಂಬಿದ್ದ ಗುಳಿ
ಈ ಸಲ ಏಳಕ್ಕೆ.
"ಇನ್ನೊಂದು ಸಲ" ಅಂದ.